20 ತಿಂಗಳ ಮಗ ಊರಿಂದ ಬರೋ ಅಜ್ಜ ಅಜ್ಜಿ ಹತ್ರ ಹೋಗೋದೇ ಇಲ್ಲ, ಸಿಗೋದು ಮೂರೇ ದಿನ, ಏನ್ ಮಾಡ್ಲಿ?

ತುಂಗಾತೀರ · ಬುಧವಾರ ರಾತ್ರಿ 11:20

ಎಲ್ಲರಿಗೂ ನಮಸ್ತೆ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮನೆ ಬನಶಂಕರಿ. ನಾನು, ಯಜಮಾನ್ರು, ಅತ್ತೆ, 20 ತಿಂಗಳ ಮಗ. ನನ್ನ ತವರು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ಈ ಸಲ ಜನವರಿ 26 ಸೋಮವಾರ ಬಂದಿದೆಯಲ್ಲ, ಅಪ್ಪ ಅಮ್ಮ ಶುಕ್ರವಾರ ರಾತ್ರಿ ಬಸ್ ಹತ್ತಿ ಶನಿವಾರ ಬೆಳಿಗ್ಗೆ ಬರ್ತಾರೆ, ಸೋಮವಾರ ರಾತ್ರಿ ಬಸ್ಸಿಗೆ ವಾಪಸ್. ಇನ್ನೆರಡು ದಿನ ಇರಿ ಅಂದ್ರೆ ಆಗಲ್ಲ, ಕೊಟ್ಟಿಗೆಲಿ ಎರಡು ಹಸು ಇದಾವೆ, ಪಕ್ಕದ ಮನೆಯವರು ಹಾಲು ಕರೆದು ಹುಲ್ಲು ಹಾಕ್ತೀವಿ ಅಂತ ಒಪ್ಕೊಂಡಿರೋದೇ ಮೂರು ದಿನಕ್ಕೆ, ಅದರ ಮೇಲೆ ಅಡಿಕೆ ಕೊಯ್ಲು ಬೇರೆ ಇನ್ನೂ ಪೂರ್ತಿ ಮುಗಿದಿಲ್ಲ.

ಹೋದ ಸಲ ಬಂದಿದ್ದು ಆಗಸ್ಟಲ್ಲಿ. ಬಾಗಿಲು ತೆಗೆದ ತಕ್ಷಣ ಅಮ್ಮ ಎರಡೂ ಕೈ ಚಾಚಿದ್ಲು. ಇವನು ಅಮ್ಮನ ಮುಖ ನೋಡಿ ಕಿಟಾರನೆ ಕಿರುಚಿ ಅತ್ತೆ ಹೆಗಲಿಗೆ ಅಂಟ್ಕೊಂಡ. ಆಮೇಲೆ ಅಪ್ಪನ ಮೀಸೆ ಕಂಡ್ರೆ ಅಳು, ಅಪ್ಪ ಕೆಮ್ಮಿದ್ರೆ ಅಳು. ಎರಡೂವರೆ ದಿನ ಹಾಗೇ ಹೋಯ್ತು. ಹೊರಡೋ ದಿನ ಸಂಜೆ, ಅಪ್ಪ ಬ್ಯಾಗಿನ ಜಿಪ್ ಹಾಕ್ತಾ ಕೂತಿದ್ರು, ಇವನು ತಾನಾಗೇ ಹೋಗಿ ಅವರ ಮಂಡಿ ಹಿಡ್ಕೊಂಡು ನಿಂತ. ಅಪ್ಪ ಅಲ್ಲಾಡಲಿಲ್ಲ, ಮಾತಾಡಲಿಲ್ಲ. ಅಮ್ಮ ಅಡಿಗೆ ಮನೆಗೆ ಹೋಗಿ ಸೆರಗಲ್ಲಿ ಕಣ್ಣೊರೆಸ್ಕೊಂಡಿದ್ದನ್ನ ನಾನು ನೋಡಿದೆ. ಅದು ಇವತ್ತಿಗೂ ಕಣ್ಮುಂದೆ ಇದೆ.

ಅತ್ತೆ ನಮ್ಮ ಜೊತೆನೇ ಇರೋದ್ರಿಂದ ಅವನಿಗೆ ಅಜ್ಜಿ ಅಂದ್ರೆ ಅವ್ರೇ. ಅತ್ತೆ ಬಗ್ಗೆ ನಂದೇನೂ ದೂರಿಲ್ಲ, ನಾನು ನೆಮ್ಮದಿಯಾಗಿ ಆಫೀಸಿಗೆ ಹೋಗ್ತಿರೋದೇ ಅವರಿಂದ. ಆದ್ರೆ ಅಮ್ಮ ಎದುರಿಗೆ ಕೂತಿರುವಾಗ ಅವನು ಓಡಿಹೋಗಿ ಅತ್ತೆ ಮಡಿಲು ಸೇರ್ಕೊಂಡ್ರೆ ಹೊಟ್ಟೆ ಒಳಗೆಲ್ಲ ಕಿವುಚಿದಂಗಾಗುತ್ತೆ.

ಮೊದಲ ದಿನನೇ ಮಗು ಹತ್ರ ಆಗೋ ಹಾಗೆ ಏನಾದ್ರೂ ಮಾಡೋಕಾಗುತ್ತಾ? ಯಜಮಾನ್ರು ಭಾನುವಾರ ಬನ್ನೇರುಘಟ್ಟ, ಸೋಮವಾರ ಲಾಲ್‌ಬಾಗ್ ಫ್ಲವರ್ ಶೋ ಅಂತ ಪ್ಲಾನ್ ಹಾಕಿದಾರೆ. ಅದು ಸರಿನಾ?

ಬಸವನಗುಡಿ ಅಜ್ಜಿ · ಗುರುವಾರ ಬೆಳಿಗ್ಗೆ 6:40

ನೋಡಮ್ಮ, ಎಡವಟ್ಟಾಗಿದ್ದು ಬಾಗಿಲಲ್ಲಿ ಕೈ ಚಾಚಿದ್ರಲ್ಲ ಅಲ್ಲೇ. ನಿಮ್ಮಮ್ಮನ್ನ ದೂರ್ತಿಲ್ಲ, ತಿಂಗಳುಗಟ್ಲೆ ಕಾದಿರೋ ಜೀವ ಕೈ ಚಾಚದೆ ಇನ್ನೇನು ಮಾಡುತ್ತೆ. ಆದ್ರೆ ಆ ಕೂಸಿನ ಜಾಗದಲ್ಲಿ ನಿಂತು ನೋಡು, ಆಗ ತಾನೆ ಎದ್ದಿದೆ, ಬಾಗಿಲು ತೆಗೆದ್ರೆ ಗುರುತಿಲ್ಲದ ಎರಡು ಮುಖ, ಎತ್ಕೊಳ್ಳೋಕೆ ಬರ್ತಾ ಇದಾವೆ, ಹಿಂದೆ ಅಮ್ಮ ಬೇರೆ ಹೋಗು ಹೋಗು ಅಂತ ತಳ್ತಿದಾಳೆ.

ನನ್ನ ಮೊಮ್ಮಗ ವೈಟ್‌ಫೀಲ್ಡಲ್ಲಿರೋದು. ಒಂದೇ ಊರು ಅಂತ ಹೆಸರಿಗೆ, ನಾನು ನೋಡೋದು ತಿಂಗಳಿಗೊಂದು ಸಲ ಆದ್ರೆ ಹೆಚ್ಚು. ಅವನೂ ಹಿಂಗೇ ಮಾಡ್ತಿದ್ದ. ಆಮೇಲೆ ನಾನೊಂದು ಅಭ್ಯಾಸ ಮಾಡ್ಕೊಂಡೆ, ಹೋದ ತಕ್ಷಣ ಮಗು ಕಡೆ ತಿರುಗಿ ನೋಡಲ್ಲ. ಕೈ ಕಾಲು ತೊಳೆದು ಹಾಲಲ್ಲಿ ನೆಲದ ಮೇಲೆ ಚಾಪೆ ಹಾಕಿ ಕೂತು ಕೈಗೊಂದು ಕೆಲಸ ತಗೋತೀನಿ, ಸೊಪ್ಪು ಬಿಡಿಸೋದೋ ಹೂವು ಕಟ್ಟೋದೋ. ಮೊದಲು ಬಾಗಿಲ ಸಂದಿಯಿಂದ ಇಣುಕುತ್ತೆ. ಸ್ವಲ್ಪ ಹೊತ್ತಿಗೆ ಸೋಫಾ ಹಿಡ್ಕೊಂಡು ಬರುತ್ತೆ. ಆಮೇಲೆ ಬಂದು ಒಂದು ಕಡ್ಡಿ ಎತ್ಕೊಳ್ಳುತ್ತೆ. ಆಗಲೂ ನೋಡ್ಬಾರದು! ಅದು ಕಡ್ಡಿನ ನನ್ನ ಕೈಗೆ ಕೊಟ್ಟಾಗ ಮಾತ್ರ ತಗೊಂಡು ಇನ್ನೊಂದು ಕೊಡು ಅಂತೀನಿ, ಅಷ್ಟೇ, ಗೆದ್ದಂಗೆ.

ಈಗ ಅವರೆಕಾಯಿ ಕಾಲ. ಸೊಗಡವರೆ ಎರಡು ಕೆಜಿ ತಂದು ಬಿಡಿಸಿ ರಾತ್ರಿ ಕಾಳು ನೆನೆಸಿಡು, ಹಿತಕಿದ ಅವರೆಕಾಳು ಹುಳಿ ಮಾಡೋಣ ಅಂತ ನಿಮ್ಮಮ್ಮನ್ನ ಕೂರ್ಸು. ಹಿತಕಿದ್ರೆ ಕಾಳು ಪುಳಕ್ ಅಂತ ಆಚೆ ಹಾರುತ್ತಲ್ಲ, ಅದನ್ನ ನೋಡೋಕೆ ಬರದೇ ಇರೋ ಮಗುನ ನಾನು ಕಂಡಿಲ್ಲ. ಬಾಯಿಗೆ ಹಾಕ್ಕೊಳ್ಳದಂಗೆ ಮಾತ್ರ ಒಬ್ರು ಕಾಯ್ತಿರಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ನಿಮ್ಮ ಅತ್ತೆ ಆ ಮೂರು ದಿನ ಮಗಳ ಮನೆಗೋ ತಂಗಿ ಮನೆಗೋ ಹೋಗಿ ಬರ್ಲಿ. ಓಡಿಹೋಗೋಕೆ ಮಡಿಲು ಇದ್ದಷ್ಟು ಹೊತ್ತು ಮಗು ಈ ಕಡೆ ಬರಲ್ಲ.

ಎರಡು ಮನೆ ಸೊಸೆ · ಗುರುವಾರ ಬೆಳಿಗ್ಗೆ 9:05

ಅಜ್ಜಿ ಹೇಳಿದ್ದರಲ್ಲಿ ಅವರೆಕಾಳಿನ ಮಾತು ನೂರಕ್ಕೆ ನೂರು ಸರಿ, ಆದ್ರೆ ಅತ್ತೆನ ಕಳಿಸೋದು ದಯವಿಟ್ಟು ಬೇಡ. ನಾನು ಮಾಡಿ ನೋಡಿ ಅನುಭವಿಸಿದೀನಿ. ನಮ್ಮತ್ತೆ ತಾವಾಗೇ ನೀವು ನೀವು ಆರಾಮಾಗಿರಿ ಅಂತ ಮೈಸೂರಿಗೆ ಹೋದ್ರು, ಮಗಳು ಮೂರು ದಿನ ಅವರ ಕೋಣೆ ಬಾಗಿಲು ತಟ್ಕೊಂಡು ಅತ್ಲು, ನಮ್ಮಮ್ಮನ್ನ ಕಂಡ್ರೆ ಇನ್ನೂ ಜಾಸ್ತಿ ಅಳು, ಇವರು ಬಂದಿದ್ದಕ್ಕೇ ಅವರು ಹೋದ್ರು ಅನ್ನೋ ಹಾಗೆ. ಮಗುಗೆ ಯಾರ ಮೇಲೆ ನಂಬಿಕೆ ಇದೆಯೋ ಅವರೇ ಹೊಸಬರ ಪಕ್ಕ ಕೂತು ನಗ್ತಾ ಮಾತಾಡ್ಬೇಕು, ಮಗು ಅವರ ಮುಖ ನೋಡೇ ಅಳೆಯೋದು, ಇವರ ಹತ್ರ ಹೋಗಬಹುದಾ ಬೇಡ್ವಾ ಅಂತ. ಬೀಗಿತ್ತಿಯರಿಬ್ರೂ ಒಂದೇ ಚಾಪೆ ಮೇಲೆ ಕೂರ್ಲಿ.

ಮತ್ತೆ ನಿಮ್ಮತ್ತೆಗೆ ಈ ವಿಷಯ ಬಾಯ್ಬಿಟ್ಟು ಹೇಳಿದೀರಾ? ಹೇಳಿಲ್ಲ ಅಂದ್ರೆ ಹೇಳಿ. ಅಮ್ಮ ಅಡಿಗೆ ಮನೆಲಿ ಕಣ್ಣೊರೆಸ್ಕೊಂಡಿದ್ದನ್ನೂ ಹೇಳಿ.

ಬಸವನಗುಡಿ ಅಜ್ಜಿ · ಗುರುವಾರ ಬೆಳಿಗ್ಗೆ 9:40

ನೀವು ಹೇಳಿದ್ದು ನಂಗೆ ಹೊಳೆದಿರಲಿಲ್ಲ. ನನ್ನ ಆ ಮಾತು ಬಿಡಮ್ಮ ತುಂಗಾತೀರ, ಇವರು ಹೇಳಿದಂಗೆ ಮಾಡು.

ಹುಬ್ಳಿ ಹುಡುಗಿ · ಗುರುವಾರ ಮಧ್ಯಾಹ್ನ 1:15

ನಮ್ಮ ಮಗಳೂ ಹಿಂಗ ಮಾಡ್ತಿದ್ಲ್ರೀ ಅಕ್ಕಾರ. ನಮ್ಮ ಅವ್ವ ಅಪ್ಪ ಹುಬ್ಬಳ್ಳಿಂದ ಬರ್ತಾರ, 2023ರಾಗ ವಂದೇ ಭಾರತ ಚಾಲೂ ಆದಾಗಿಂದ ಮಧ್ಯಾಹ್ನ ಹತ್ತಿ ರಾತ್ರಿ ಎಂಟರೊಳಗ ಇಲ್ಲಿ ಇಳೀತಾರ. ಮನಿ ಮುಟ್ಟೂದ್ರಾಗ ಕೂಸಿಗೆ ನಿದ್ದಿ ಹತ್ತಿರ್ತದ, ಆ ಹೊತ್ತಿನಾಗ ಎಬ್ಬಿಸಿ ತೋರಿಸಿದ್ರ ಮುಗೀತು, ಮರುದಿನಾನೂ ಹಾಳು. ಈಗ ಎಬ್ಬಿಸಂಗಿಲ್ಲ, ಮುಂಜಾನೆ ತಾನ ಎದ್ದು ನೋಡ್ಲಿ ಅಂತ ಬಿಡ್ತೀವಿ.

ನಮಗ ಭಾಳ ಕೆಲಸಕ್ಕ ಬಂದದ್ದು ವಿಡಿಯೋ ಕಾಲ್. ಸಣ್ಣ ಹುಡುಗರಿಗೆ ಸ್ಕ್ರೀನ್ ಬ್ಯಾಡ ಅಂತಾರ ಖರೆ, ಆದ್ರ ಅಮೆರಿಕಾದ ಮಕ್ಕಳ ಡಾಕ್ಟರ ಸಂಘದವರೂ ಮನಿ ಮಂದಿ ಜೋಡಿ ವಿಡಿಯೋ ಕಾಲ್ ಮಾಡೂದನ್ನ ಅದರಿಂದ ಹೊರಗ ಇಟ್ಟಾರ. ಆದ್ರ ಹೆಂಗದೀ, ಊಟಾತೇನು ಅಂತ ಕೇಳಿದ್ರ ಕೂಸು ಏನ್ ಹೇಳ್ತದ, ಎದ್ದು ಹೋಗ್ತದ. ನಮ್ಮವ್ವ ದಿನಾ ಒಂದ ಹಾಡು, ಅದನ್ನ ಹಾಡ್ತಾಳ, ಕಡೀಕ ಚಪ್ಪಾಳಿ. ಐದ ನಿಮಿಷ. ಖುದ್ದು ಬಂದಾಗೂ ಬಾಗಲದಾಗ ಅದನ್ನ ಹಾಡಿದ್ಲು, ನಮ್ಮ ಮಗಳು ಮುಖಾ ಗುರುತು ಹಿಡೀಲಿಲ್ಲ, ದನಿ ಗುರುತು ಹಿಡದ್ಲು. ನಿಮಗ ಇನ್ನ ಎರಡ ದಿನ ಅದ, ಇವತ್ತ ಚಾಲೂ ಮಾಡ್ರಿ.

ರಾತ್ರಿಪಾಳಿ ಅಪ್ಪ · ಗುರುವಾರ ಮಧ್ಯಾಹ್ನ 2:30

ಪ್ಲಾನ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ, ಎರಡನ್ನೂ ಕೈಬಿಡಿ. ಬನ್ನೇರುಘಟ್ಟ ಲಾಂಗ್ ವೀಕೆಂಡ್ ಭಾನುವಾರ ಅಂದ್ರೆ ಟ್ರಾಫಿಕ್ಕು, ಟಿಕೆಟ್ ಕ್ಯೂ, ಸಫಾರಿ ಕ್ಯೂ, ಅಷ್ಟರಲ್ಲಿ ಮಗು ಮಧ್ಯಾಹ್ನದ ನಿದ್ದೆ ಟೈಮು, ಬಸ್ಸಲ್ಲಿ ರಚ್ಚೆ ಹಿಡಿಯುತ್ತೆ, ಕೊನೆಗೆ ನೀವು ಸಮಾಧಾನ ಮಾಡ್ತಾ, ಅವರು ಪ್ರಾಣಿ ನೋಡ್ತಾ, ಯಾರಿಗೂ ಯಾರೂ ಸಿಗಲ್ಲ. ಫ್ಲವರ್ ಶೋ 26ನೇ ತಾರೀಖು ಕೇಳಲೇಬೇಡಿ. ಗಾಜಿನ ಮನೆ 1889ರದ್ದು, ಅದು ಎಲ್ಲೂ ಹೋಗಲ್ಲ, ಮುಂದಿನ ಸಲ ಒಂದು ಮಾಮೂಲಿ ದಿನ ಬೆಳಿಗ್ಗೆ ಕರ್ಕೊಂಡ್ ಹೋಗಿ, ಅಲ್ಲಿರೋ ಬಂಡೆ ಮೇಲೆ ಕೂರ್ಸಿ, ಸುಮಾರು 300 ಕೋಟಿ ವರ್ಷದ ಬಂಡೆ ಅದು, ನಿಮ್ಮ ತಂದೆಗೆ ಹೂವಿಗಿಂತ ಅದೇ ಇಷ್ಟ ಆಗುತ್ತೆ. ಅವರು ಬರ್ತಿರೋದು ಮಗು ನೋಡೋಕೆ, ಬೆಂಗಳೂರು ನೋಡೋಕಲ್ಲ.

ಎಲ್ಲಾದ್ರೂ ಹೋಗ್ಲೇಬೇಕು ಅಂದ್ರೆ ಭಾನುವಾರ ಬೆಳಿಗ್ಗೆ ಮೆಟ್ರೋ ಹತ್ತಿಸಿ. ನೀವು ಬನಶಂಕರಿ ಅಂದ್ರಲ್ಲ, ಹಸಿರು ಮಾರ್ಗ. ಊರ ಕಡೆ ಬೇಡ, ರೇಷ್ಮೆ ಸಂಸ್ಥೆ ಕಡೆ ಹೋಗೋ ರೈಲು ಹತ್ತಿ, ಆ ಕಡೆ ಪೂರ್ತಿ ಮೇಲ್ಗಡೆನೇ ಓಡುತ್ತೆ, ಕಿಟಕಿಲಿ ಎಲ್ಲ ಕಾಣುತ್ತೆ, ರಶ್ಶೂ ಇರಲ್ಲ. ಭಾನುವಾರ ಮೊದಲ ರೈಲು 7 ಗಂಟೆಗೆ. 3 ಅಡಿ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ನಿಮ್ಮ ಮಗ ಇನ್ನೂ ಅಷ್ಟು ಬೆಳೆದಿರಲ್ಲ. ಹೋಗಿ ಬರೋಕೆ ಒಂದು ಗಂಟೆ ಆದ್ರೆ ಜಾಸ್ತಿ.

ಇನ್ನೊಂದು, ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಬಂದವರಿಗೆ ಮೊದಲು ಸ್ನಾನ, ತಿಂಡಿ, ಎರಡು ಗಂಟೆ ನಿದ್ದೆ ಕೊಡಿ. ಶಕ್ತಿ ಯೋಜನೆ ಬಂದ ಮೇಲೆ ನಮ್ಮಮ್ಮ ಕೆಂಪು ಬಸ್ಸಲ್ಲೇ ಬರ್ತಾರೆ, ನಂಗ್ಯಾಕೆ ಸ್ಲೀಪರ್, ದುಡ್ಡು ದಂಡ ಅಂತಾರೆ, ಇಳಿಯೋ ಹೊತ್ತಿಗೆ ಕಾಲು ಊದಿರುತ್ತೆ. ಸುಸ್ತಾಗಿರೋ ಅಜ್ಜಿ ಹತ್ರ ಮಗು ಆಡೋಕಾಗಲ್ಲ.

ಮಕ್ಕಳ ವಾರ್ಡ್ ನರ್ಸ್ · ಗುರುವಾರ ರಾತ್ರಿ 10:10

ಹದಿನಾಲ್ಕು ವರ್ಷದಿಂದ ಮಕ್ಕಳ ವಾರ್ಡಲ್ಲಿದೀನಿ. ಮೊದಲು ಸಮಾಧಾನದ ಮಾತು. ಹೊಸ ಮುಖ ಕಂಡು ಅಳೋದು ಸಾಮಾನ್ಯವಾಗಿ 8-9 ತಿಂಗಳಿಗೆ ಶುರುವಾಗಿ ಎರಡು ವರ್ಷದ ಹೊತ್ತಿಗೆ ನಿಧಾನಕ್ಕೆ ಇಳಿಯುತ್ತೆ. ಆಗಸ್ಟಲ್ಲಿ ನಿಮ್ಮ ಮಗ ಅದರ ನಡುಮಧ್ಯೆ ಇದ್ದ. ಅವನು ಅತ್ತಿದ್ದು ನಿಮ್ಮಮ್ಮನ ಮೇಲಿನ ಅಸಡ್ಡೆಯಿಂದ ಅಲ್ಲ, ತನ್ನವರು ಯಾರು ಅಂತ ಅವನಿಗೆ ಗಟ್ಟಿಯಾಗಿ ಗೊತ್ತಾಗಿತ್ತು, ಅದಕ್ಕೆ. ಇದನ್ನ ನಿಮ್ಮಮ್ಮಂಗೆ ಫೋನಲ್ಲೇ ಹೇಳಿ, ಬರೋದಕ್ಕೆ ಮುಂಚೆನೇ ಹೇಳಿ.

ನಿದ್ದೆ ಕೆಡಿಸಬೇಡಿ. 1ರಿಂದ 2 ವರ್ಷದ ಮಕ್ಕಳಿಗೆ ಹಗಲು ನಿದ್ದೆನೂ ಸೇರಿ ದಿನಕ್ಕೆ 11ರಿಂದ 14 ಗಂಟೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನೆಂಟರು ಬಂದಾಗ ಮೊದಲು ತಪ್ಪೋದೇ ಮಧ್ಯಾಹ್ನದ ನಿದ್ದೆ, ಸಂಜೆ ರಚ್ಚೆ ಹಿಡಿದಾಗ ಎಲ್ರೂ ದೃಷ್ಟಿ ಆಗಿದೆ ಅಂತಾರೆ.

ಈಗ ನಾನು ನಿಜವಾಗ್ಲೂ ಹೇಳೋಕೆ ಬಂದಿದ್ದು. ಅಜ್ಜ ಅಜ್ಜಿ ಬಂದ ದಿನ ಮನೆಗೆ ಎರಡು ಬ್ಯಾಗ್ ಬರುತ್ತೆ, ಆ ಬ್ಯಾಗು ನೆಲದ ಮೇಲೆ ಇರುತ್ತೆ, ಮಗು ಎತ್ತರಕ್ಕೆ ಸರಿಯಾಗಿ. ಅದರೊಳಗೆ ಬಿಪಿ ಗುಳಿಗೆ, ಶುಗರ್ ಗುಳಿಗೆ ಇರುತ್ತೆ. ಕೆಲವು ಶುಗರ್ ಗುಳಿಗೆ ಒಂದೇ ಒಂದು ನುಂಗಿದ್ರೂ ಇಷ್ಟು ಸಣ್ಣ ಮಗುವಿನ ರಕ್ತದಲ್ಲಿ ಸಕ್ಕರೆ ಪೂರ್ತಿ ಕೆಳಗೆ ಬೀಳುತ್ತೆ, ಅದೂ ತಕ್ಷಣ ಗೊತ್ತಾಗಲ್ಲ, ಗಂಟೆಗಟ್ಟಲೆ ಚೆನ್ನಾಗಿ ಆಡ್ಕೊಂಡಿದ್ದು ಆಮೇಲೆ ಬೆವರಿ ತೂಕಡಿಸೋಕೆ ಶುರು ಮಾಡುತ್ತೆ. ಎರಡನೇದು ಕರ್ಪೂರ. ಕಲ್ಲುಸಕ್ಕರೆ ಥರಾನೇ ಕಾಣುತ್ತೆ, ಅಜ್ಜಿ ಪೂಜೆ ಮಾಡುವಾಗ ಕಲ್ಲುಸಕ್ಕರೆ ಕೊಟ್ಟಿರ್ತಾರೆ, ಮಗು ಅದೇ ಅಂದ್ಕೊಂಡು ಕರ್ಪೂರ ಬಾಯಿಗೆ ಹಾಕ್ಕೊಳ್ಳುತ್ತೆ, ಸ್ವಲ್ಪ ಹೊತ್ತಲ್ಲೇ ಫಿಟ್ಸ್ ಬರಬಹುದು. ಇಂಥ ಮಕ್ಕಳನ್ನ ಕೈಲಿ ಹಿಡ್ಕೊಂಡಿದೀನಿ, ಅದಕ್ಕೆ ಇಷ್ಟು ಒತ್ತಿ ಹೇಳ್ತಿದೀನಿ. ಹಾಗೇನಾದ್ರೂ ಆದ್ರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗ್ಬೇಡಿ, ಗುಳಿಗೆ ಪಟ್ಟಿ ಕೈಲಿ ಹಿಡ್ಕೊಂಡು ನೇರ ಆಸ್ಪತ್ರೆಗೆ, ಗಾಡಿ ಇಲ್ಲ ಅಂದ್ರೆ 108.

ಸಂಕ್ರಾಂತಿ ಎಳ್ಳುಬೆಲ್ಲ ಉಳಿದಿದ್ರೆ ಅದನ್ನೂ ಮೇಲಿಡಿ. ಕಡ್ಲೆಬೀಜ, ಹುರಿಗಡ್ಲೆ, ಕೊಬ್ಬರಿ ಚೂರು ಶ್ವಾಸನಾಳಕ್ಕೆ ಸಿಕ್ಕಿಹಾಕ್ಕೊಳ್ಳುತ್ತೆ.

ಕೆಂಗೇರಿ ಮಾವ · ಗುರುವಾರ ರಾತ್ರಿ 10:45

ನಿಮ್ಮ ತಂದೆ ಎಲೆ ಅಡಿಕೆ ಹಾಕ್ತಾರಾ?

ತುಂಗಾತೀರ · ಗುರುವಾರ ರಾತ್ರಿ 11:00

ಹೌದು. ಬಟ್ಟೆ ಸಂಚಿ ಇದೆ, ಯಾವಾಗಲೂ ಜೊತೆಲೇ ಇರುತ್ತೆ. ಯಾಕೆ?

ಕೆಂಗೇರಿ ಮಾವ · ಗುರುವಾರ ರಾತ್ರಿ 11:25

ಸುಣ್ಣಕ್ಕೋಸ್ಕರ ಕೇಳಿದೆ. ನಮ್ಮ ತಂಗಿ ಮಗ ಎರಡು ವರ್ಷದವನಿದ್ದಾಗ ತಾತನ ಸುಣ್ಣದ ಪ್ಯಾಕೆಟ್ ಕೈಗೆ ಸಿಕ್ಕಿ, ಹಿಸುಕಿದಾನೆ, ಒಡೆದು ನೇರ ಕಣ್ಣಿಗೆ ಹಾರಿತು. ಅವತ್ತು ಮನೇಲಿ ಒಬ್ಬೊಬ್ರು ಒಂದೊಂದು ಹೇಳಿದ್ರು, ಎದೆಹಾಲು ಬಿಡಿ, ತುಪ್ಪ ಹಚ್ಚಿ ಅಂತ. ನಮ್ಮ ಪುಣ್ಯ, ಪಕ್ಕದ ಮನೆ ಮೇಷ್ಟ್ರು ಬಂದು ಮಗುನ ನಲ್ಲಿ ಕೆಳಗೆ ಮಲಗಿಸ್ಕೊಂಡು ರೆಪ್ಪೆ ಬಿಡಿಸಿ ಅರ್ಧ ಗಂಟೆ ನೀರು ಬಿಟ್ರು, ಆಮೇಲೇ ಕಣ್ಣಾಸ್ಪತ್ರೆಗೆ ಹೋಗಿದ್ದು. ತಕ್ಷಣ ತೊಳೆದಿದ್ದಕ್ಕೇ ದೃಷ್ಟಿ ಉಳೀತು ಅಂದ್ರು ಡಾಕ್ಟ್ರು. ಸುಣ್ಣ ಕಣ್ಣನ್ನ ಸುಡುತ್ತೆ, ಉಜ್ಜಿದಷ್ಟೂ ಒಳಗೆ ಹೋಗುತ್ತೆ. ನಿಮ್ಮ ತಂದೆಗೆ ಹೇಳಿ, ಈ ಮೂರು ದಿನ ಸುಣ್ಣದ ಡಬ್ಬಿ ಅಟ್ಟದ ಮೇಲೆ. ಹೊಗೆಸೊಪ್ಪು ಹಾಕೋರಾದ್ರೆ ಅದೂ ಅಲ್ಲೇ.

ತುಂಗಾತೀರ · ಶುಕ್ರವಾರ ರಾತ್ರಿ 9:50

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಹೇಳ್ದೆ, ಅಡಿಗೆ ಮನೆ ವಿಷಯನೂ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ನಂಗೂ ಮೊದಲೇ ಗೊತ್ತಾಗ್ಬೇಕಿತ್ತು ಕಣೇ ಅಂದ್ರು. ಸಂಜೆ ಅವರೇ ಹೋಗಿ ಅವರೆಕಾಯಿ ತಂದು ಬಿಡಿಸಿ ಕಾಳು ನೆನೆಸಿದಾರೆ. ವಿಡಿಯೋ ಕಾಲಲ್ಲಿ ಅಮ್ಮ ನಿನ್ನೆ ಇವತ್ತು ಹಾಡಿದ್ಲು, ಇವನು ಫೋನ್ ಕಿತ್ಕೊಂಡು ಓಡಾಡ್ದ, ಕೇಳಿಸ್ಕೊಂಡ್ನೋ ಇಲ್ವೋ. ಬನ್ನೇರುಘಟ್ಟ ಕ್ಯಾನ್ಸಲ್. ಬ್ಯಾಗ್ ಇಡೋಕೆ ಬೀರು ಮೇಲೆ ಜಾಗ ಮಾಡಿದೀನಿ. ಅವರು ಬಸ್ ಹತ್ತಿದಾರೆ.

ತುಂಗಾತೀರ · ಶನಿವಾರ ರಾತ್ರಿ 10:30

ಬೆಳಿಗ್ಗೆ ಆರೂವರೆಗೆ ಬಂದ್ರು, ಇವನು ಮಲಗಿದ್ದ. ಸ್ನಾನ ಮಾಡಿ ತಿಂಡಿ ತಿಂದು ಇಬ್ರೂ ಮಲ್ಕೊಂಡ್ರು. ಹಾಗಾಗಿ ಇವನು ಎದ್ದಾಗ ಮನೇಲಿ ಹೊಸ ಮುಖ ಇರ್ಲಿಲ್ಲ, ಬಾಗಿಲ ಹತ್ರ ಎರಡು ಜೊತೆ ಚಪ್ಪಲಿ ಇತ್ತು ಅಷ್ಟೇ, ಅಜ್ಜನ ದೊಡ್ಡ ಚಪ್ಪಲಿಲಿ ಕಾಲಿಟ್ಕೊಂಡು ಹಾಲೆಲ್ಲ ಎಳೆದಾಡ್ದ.

ಹತ್ತೂವರೆಗೆ ಅಮ್ಮ ಅತ್ತೆ ಇಬ್ರೂ ಚಾಪೆ ಮೇಲೆ ಕೂತ್ರು, ಮಧ್ಯೆ ನೀರಲ್ಲಿ ನೆನೆದ ಕಾಳಿನ ಪಾತ್ರೆ. ಇವನು ಅಮ್ಮನ್ನ ನೋಡಿ ತುಟಿ ಮುಂದೆ ಮಾಡ್ದ, ಅಳ್ಲಿಲ್ಲ, ಹೋಗಿ ಅತ್ತೆ ಮಡಿಲಲ್ಲಿ ಕೂತ. ಅಮ್ಮ ತಲೆ ಎತ್ಲಿಲ್ಲ. ಅವಳಿಗೆ ಎಷ್ಟು ಕಷ್ಟ ಆಗಿರ್ಬೇಕು ಅಂತ ನಂಗೆ ಗೊತ್ತಾಗ್ತಿತ್ತು, ಕೈ ಹಿತಕ್ತಾನೇ ಇತ್ತು, ಬೆರಳು ನಡುಗ್ತಿತ್ತು. ಅತ್ತೆನೇ ಮಾತಾಡ್ತಾ ಹೋದ್ರು, ನಿಮ್ಮ ಕಡೆ ಇದಕ್ಕೆ ಹುಳಿಪುಡಿ ಹಾಕ್ತೀರಾ, ತೆಂಗಿನಕಾಯಿ ರುಬ್ತೀರಾ ಅಂತ. ಸುಮಾರು ಹೊತ್ತಾದ ಮೇಲೆ ಅಮ್ಮ ಹಿತಕಿದ ಒಂದು ಕಾಳು ಹಾರಿ ಇವನ ಪಾದದ ಮೇಲೆ ಬಿತ್ತು. ಇವನು ಅದನ್ನೇ ನೋಡ್ದ. ಎತ್ಕೊಂಡು ತಿರುಗಿಸಿ ನೋಡ್ದ. ಆಮೇಲೆ ಅತ್ತೆ ಮಡಿಲಿಂದ ಇಳಿದು ಅಮ್ಮನ ಮುಂದೆ ಹೋಗಿ ಕೈ ಚಾಚಿ "ತಕೋ" ಅಂದ.

ಬರೀತಾ ಇದ್ರೂ ಕಣ್ಣು ತುಂಬ್ಕೊಳ್ತಿದೆ. ಅಮ್ಮ ತಗೊಂಡು "ಇನ್ನೊಂದು ಕೊಡು ಮಗಾ" ಅಂದ್ಲು. ಮಧ್ಯಾಹ್ನ ಅಮ್ಮನ ಮಂಡಿಗೆ ಒರಗ್ಕೊಂಡೇ ಹುಳಿ ಅನ್ನ ತಿಂದ, ಕಾಳನ್ನ ನುಣ್ಣಗೆ ಹಿಸುಕಿ ಕೊಟ್ವಿ. ಅವಳು ಹಾಡು ಶುರು ಮಾಡಿದ ಕೂಡಲೇ ಚಪ್ಪಾಳೆ ತಟ್ದ. ಹುಬ್ಳಿ ಅಕ್ಕ, ಕೇಳಿಸ್ಕೊಂಡಿದ್ದ!

ಅಪ್ಪಂದು ಮಾತ್ರ ಆಗ್ಲಿಲ್ಲ. ಅಮ್ಮನ್ನ ನೋಡಿ ಅಪ್ಪಂಗೆ ಧೈರ್ಯ ಬಂತು ಅನ್ಸುತ್ತೆ, ಸಂಜೆ ಹಿಂದಿನಿಂದ ಬಂದು ಎತ್ಕೊಂಡ್ರು. ಒಂದೇ ಸಮ ಕಿರುಚಿ ಮೈಯೆಲ್ಲ ಸೆಟೆಸಿ ಅತ್ತ, ಇಪ್ಪತ್ತು ನಿಮಿಷ ನಿಲ್ಲಲಿಲ್ಲ. ಅಪ್ಪ ಬಾಲ್ಕನಿಗೆ ಹೋಗಿ ಕತ್ತಲಾಗೋವರೆಗೂ ಒಬ್ರೇ ಕೂತಿದ್ರು. ಸುಣ್ಣ ಅಟ್ಟ ಸೇರಿದೆ, ಖಾಲಿ ಸಂಚಿ ತೊಡೆ ಮೇಲೆ ಇಟ್ಕೊಂಡು ಸುಮ್ನೆ ಕೂತಿದ್ರು. ಎರಡು ದಿನ ಉಳೀತು.

ಎರಡು ಮನೆ ಸೊಸೆ · ಶನಿವಾರ ರಾತ್ರಿ 10:50

ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳಿ.

ಕೆಂಗೇರಿ ಮಾವ · ಶನಿವಾರ ರಾತ್ರಿ 11:05

ಆ ಖಾಲಿ ಸಂಚಿನೇ ದಾರಿ ಕಣಮ್ಮ. ಬಟ್ಟೆ ಸಂಚಿಲಿ ಎಷ್ಟು ಅರೆ ಇರುತ್ತೆ, ಈ ವಯಸ್ಸಿನ ಮಕ್ಕಳಿಗೆ ತೆಗೆಯೋದು ತುಂಬೋದು ಅಂದ್ರೆ ಊಟ ಬೇಡ. ರಾತ್ರಿನೇ ಒಳಗಡೆ ಹೊರಗಡೆ ಮಾಡಿ ಬಿಸಿ ನೀರಲ್ಲಿ ಚೆನ್ನಾಗಿ ತೊಳೆದು ಫ್ಯಾನ್ ಕೆಳಗೆ ಒಣಗಿಸಿ, ಸುಣ್ಣ ಅಡಿಕೆ ಚೂರು ಏನೂ ಉಳೀಬಾರದು. ಬೆಳಿಗ್ಗೆ ಒಂದೊಂದು ಅರೆಗೆ ಒಂದೊಂದು ಸಾಮಾನು, ಬಾಯಲ್ಲಿ ಹಿಡಿಸದಷ್ಟು ದೊಡ್ಡದು ಇರ್ಲಿ, ಚಮಚ, ಹಳೆ ಬೀಗದ ಕೈ, ಬಣ್ಣದ ಬಟ್ಟೆ ಚೂರು. ನಿಮ್ಮ ತಂದೆ ಮಗು ಕಡೆ ನೋಡದೆ ತಮ್ಮ ಪಾಡಿಗೆ ತೆಗೀತಾ ಹಾಕ್ತಾ ಇರ್ಲಿ. ಎತ್ಕೊಳ್ಳೋದು ಮಗು ಕೇಳಿದಾಗ ಮಾತ್ರ.

ಮಕ್ಕಳ ವಾರ್ಡ್ ನರ್ಸ್ · ಭಾನುವಾರ ಬೆಳಿಗ್ಗೆ 5:50

ಮಾವ ಹೇಳಿದ್ದು ಸರಿ ಇದೆ. ಒಂದೇ ಮಾತು ಸೇರಿಸ್ತೀನಿ, ನಿನ್ನೆ ಅತ್ತಿದ್ದರಿಂದ ಏನೂ ಹಾಳಾಗಿಲ್ಲ ಅಂತ ನಿಮ್ಮ ತಂದೆಗೆ ಹೇಳಿ. ಮಗುಗೆ ಹಿಂದಿನಿಂದ ಬಂದಿದ್ದು ಗಾಬರಿ, ಅವರಲ್ಲ. ಮುಂದೆ ಕಾಣೋ ಹಾಗೆ, ಮಗುಗಿಂತ ಕೆಳಗೆ, ನೆಲದ ಮೇಲೆ ಕೂತ್ಕೊಳ್ಳಲಿ.

ತುಂಗಾತೀರ · ಮಂಗಳವಾರ ರಾತ್ರಿ 10:15

ಎರಡು ದಿನ ಫೋನೇ ಮುಟ್ಟಿಲ್ಲ, ಕ್ಷಮಿಸಿ.

ಭಾನುವಾರ ಬೆಳಿಗ್ಗೆ ಅಪ್ಪ ದಿವಾನದ ಪಕ್ಕ ನೆಲದ ಮೇಲೆ ಕೂತು ಸಂಚಿ ಬಿಚ್ಚಿದ್ರು. ಸ್ಟೀಲ್ ಚಮಚ, ಕೊಟ್ಟಿಗೆ ಬೀಗದ ಉದ್ದ ಕೀಲಿ, ಅಮ್ಮನ ಹಳೆ ಸೀರೆಯ ಕೆಂಪು ತುಂಡು, ಮರದ ಕಡಗೋಲಿನ ಚಿಕ್ಕ ಗುಂಡು ಹಿಡಿ. ಇವನು ಊಟದ ಟೇಬಲ್ ಕೆಳಗಿಂದ ನೋಡ್ತಿದ್ದ. ಅಪ್ಪ ಒಂದೊಂದೇ ತೆಗೆದು ಪಕ್ಕಕ್ಕಿಟ್ಟು, ಮತ್ತೆ ಒಂದೊಂದೇ ಒಳಗೆ ಹಾಕಿ, ದಾರ ಎಳೆದು ಮುಚ್ಚೋರು, ಮತ್ತೆ ಬಿಚ್ಚೋರು. ಬೆಳಿಗ್ಗೆ ಎಲೆ ಹಾಕೋ ಹೊತ್ತಿಗೆ ಊರಲ್ಲಿ ಹೇಗೆ ಕೂರ್ತಾರೋ ಹಾಗೇ ಕೂತಿದ್ರು, ಅಷ್ಟೇ ನಿಧಾನ. ನಾಲ್ಕನೇ ಸಲವೋ ಐದನೇ ಸಲವೋ ಇವನು ತೆವಳ್ಕೊಂಡು ಬಂದು ಕೆಂಪು ಬಟ್ಟೆ ಎಳ್ಕೊಂಡ. ಅಪ್ಪ ಬಿಟ್ಕೊಟ್ರು. ಆಮೇಲೆ ಇವನು ಅದನ್ನ ಬೇರೆ ಅರೆಗೆ ತುರುಕ್ದ, ಹೋಗ್ಲಿಲ್ಲ, ಅಪ್ಪನ ಬೆರಳು ಹಿಡಿದು ಅರೆ ಮೇಲಿಟ್ಟ, ಬಿಡಿಸಿ ಕೊಡು ಅಂತ. ಅಪ್ಪ ಬಾಯಿ ಅಗಲ ಮಾಡಿ ಹಿಡಿದ್ರು, ಅವನು ತುಂಬ್ದ. ಹೀಗೇ ಮುಕ್ಕಾಲು ಗಂಟೆ. ಒಂದು ಮಾತಿಲ್ಲ ಇಬ್ಬರ ಮಧ್ಯೆ.

ಒಂಬತ್ತು ಗಂಟೆ ಮೆಟ್ರೋಗೆ ಹೊರಟ್ವಿ, ಸಂಚಿನೂ ಬಂತು. ಅಪ್ಪ ಮೆಟ್ರೋ ಹತ್ತಿದ್ದೇ ಮೊದಲು. ಜೆ.ಪಿ. ನಗರ ದಾಟೋ ಹೊತ್ತಿಗೆ ಇವನು ಯಜಮಾನ್ರ ತೊಡೆಯಿಂದ ಅಪ್ಪನ ತೊಡೆಗೆ ತಾನೇ ಹೋದ, ಕಿಟಕಿ ಅಲ್ಲಿ ಇತ್ತಲ್ಲ. ಅಪ್ಪ ನನ್ನ ಕಡೆ ನೋಡಿದ್ರು, ಕೈ ಎಲ್ಲಿಡ್ಬೇಕು ಅಂತ ಗೊತ್ತಾಗದೆ ಎರಡೂ ಕೈ ಗಾಳಿಲೇ ಹಿಡ್ಕೊಂಡಿದ್ರು, ಆಮೇಲೆ ಮೆಲ್ಲಗೆ ಹೊಟ್ಟೆ ಸುತ್ತ ತಂದ್ರು. ಕೊನೆ ಸ್ಟೇಷನ್ನಲ್ಲಿ ಇಳಿದು ಮತ್ತೆ ಅದೇ ಥರ ವಾಪಸ್ ಬಂದ್ವಿ.

ಎಲ್ಲ ಸುಸೂತ್ರವಾಗಿರ್ಲಿಲ್ಲ. ಸೋಮವಾರ ಅಮ್ಮ ಇವನಿಗೆ ಎಳ್ಳುಬೆಲ್ಲ ಕೊಡೋಕೆ ಹೋದ್ಲು, ನಾನು ಜೋರಾಗಿ ಕೂಗಿಬಿಟ್ಟೆ, ನಿಮ್ಮನ್ನೆಲ್ಲ ಸಾಕಿಲ್ವಾ ನಾವು ಅಂತ ಮುಖ ಸಣ್ಣ ಮಾಡ್ಕೊಂಡ್ಲು. ನರ್ಸ್ ಅಕ್ಕ ಬರೆದಿದ್ದನ್ನ ಅವಳಿಗೆ ಓದಿ ಹೇಳ್ದೆ, ಕರ್ಪೂರದ್ದೂ ಓದ್ದೆ. ಓದ್ತಿದ್ದಂಗೆ ಎದ್ದು ಹೋಗಿ ತನ್ನ ಗುಳಿಗೆ ಡಬ್ಬಿ ತಾನೇ ತಂದು ನನ್ನ ಕೈಗೆ ಕೊಟ್ಲು, ಅದು ದಿಂಬಿನ ಕೆಳಗಿತ್ತು! ಬ್ಯಾಗ್ ಮೇಲಿಟ್ಟಿದೀನಿ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ನೀವೂ ದಿಂಬಿನ ಕೆಳಗೆ ನೋಡಿ.

ಸೋಮವಾರ ರಾತ್ರಿ ಮೆಜೆಸ್ಟಿಕ್ಕಿಗೆ ಇವನನ್ನ ಕರ್ಕೊಂಡ್ ಹೋಗ್ಲಿಲ್ಲ, ಮಲಗೋ ಹೊತ್ತು. ಮನೆ ಬಾಗಿಲಲ್ಲೇ ಅಮ್ಮನ ಕೊರಳು ತಬ್ಬಿ ಟಾಟಾ ಮಾಡ್ದ. ಅಪ್ಪ ಚಪ್ಪಲಿ ಹಾಕ್ಕೊಂಡವರು ಮತ್ತೆ ಬಿಟ್ಟು ಒಳಗೆ ಬಂದು ಸಂಚಿನ ದಿವಾನದ ಮೂಲೆಲಿ ಇಟ್ರು. ನಿಮ್ಗೆ ಬೇಕಲ್ಲಪ್ಪ ಅಂದೆ. ಹೊಸದು ಹೊಲಿಸ್ಕೋತೀನಿ, ಇದು ಅವನ ಹತ್ರ ಇರ್ಲಿ ಅಂದ್ರು. ಎಲೆ ಅಡಿಕೆನ ಒಂದು ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಹೋದ್ರು.

ಇವತ್ತು ಬೆಳಿಗ್ಗೆ ಇವನು ಎದ್ದವನೇ ಆ ಮೂಲೆಗೆ ಹೋಗಿ "ಅಜ್ಜ? ತಂಚಿ?" ಅಂತ ಕೇಳ್ದ. ಫೋನ್ ಮಾಡಿ ಅಪ್ಪಂಗೆ ಕೇಳಿಸ್ದೆ. ಆ ಕಡೆಯಿಂದ ತುಂಬಾ ಹೊತ್ತು ಏನೂ ಬರ್ಲಿಲ್ಲ, ಕೊಟ್ಟಿಗೆಲಿ ಕರು ಕೂಗೋದು ಮಾತ್ರ ಕೇಳಿಸ್ತಿತ್ತು.

ಬಸವನಗುಡಿ ಅಜ್ಜಿ · ಬುಧವಾರ ಬೆಳಿಗ್ಗೆ 6:30

ಓದಿ ಮನಸ್ಸು ತುಂಬಿ ಬಂತಮ್ಮ. ನಮ್ಮೆಜಮಾನ್ರಿಗೂ ಓದಿ ಹೇಳ್ದೆ, ಮೊಮ್ಮಗನಿಗೆ ಒಂದು ಸಂಚಿ ಹೊಲಿ ಅಂತಿದಾರೆ. ಅಳತೆ ಹೇಳ್ತೀಯಾ? ಎಷ್ಟು ಅರೆ ಇದೆ?

ತುಂಗಾತೀರ · ಬುಧವಾರ ಬೆಳಿಗ್ಗೆ 8:10

ಅಜ್ಜಿ, ಅಪ್ಪಂದು ಒಂದು ಗೇಣು ಉದ್ದ, ಅದಕ್ಕಿಂತ ಸ್ವಲ್ಪ ಕಮ್ಮಿ ಅಗಲ, ಒಳಗೆ ಮೂರು ಅರೆ, ಹೊರಗೆ ಒಂದು ಸಣ್ಣದು. ದಪ್ಪ ಹತ್ತಿ ಬಟ್ಟೆಲಿ ಹೊಲೀರಿ, ಅರೆ ಬಾಯಿ ಮಗು ಕೈ ಸಲೀಸಾಗಿ ಹೋಗೋ ಅಷ್ಟು ಅಗಲ ಇರ್ಲಿ. ದಾರ ಮಾತ್ರ ಗಿಡ್ಡ ಇಡಿ, ಅಪ್ಪಂದು ಉದ್ದ ಇತ್ತು, ಕುತ್ತಿಗೆಗೆ ಸುತ್ಕೊಂಡ್ರೆ ಅಂತ ನಿನ್ನೆ ಅತ್ತೆ ಕತ್ತರಿಸಿ ಚಿಕ್ಕದು ಮಾಡಿ ಗಂಟು ಹಾಕಿ ಕೊಟ್ರು.